ಫೋಕ್‌ನಿಂದ ರಾಕ್‌ವರೆಗೆ: ಒಂದೇ ಹಾಡನ್ನು ಎರಡೆರಡು ಸಲ ಕೇಳುವ ದಾರಿ

ಅಮೆರಿಕದ ಗಾಯಕ ಬಾಬ್ ಡಿಲನ್ ಬಗ್ಗೆ 2024ರಲ್ಲಿ ಬಂದ ‘ಎ ಕಂಪ್ಲೀಟ್ ಅನ್‌ನೋನ್’ ಸಿನಿಮಾ ನೋಡಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ. ಆ ಹುಡುಗ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಮೂರು ಹಾಡು ಹಾಡಿದ, ಅಷ್ಟೇ ತಾನೇ, ಅದಕ್ಕೆ ಜನ ಯಾಕೆ ಅಷ್ಟು ರೇಗಿದರು? ಪ್ರಶ್ನೆ ಸರಿಯಾಗೇ ಇದೆ. ಇವತ್ತಿನ ಕಿವಿಗೆ ಆ ಹಾಡುಗಳಲ್ಲಿ ರೇಗುವಂಥದ್ದು ಏನೂ ಸಿಗುವುದಿಲ್ಲ. ಸಿನಿಮಾ, ಜಾಹೀರಾತು, ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ ಎಂದು ಎಲ್ಲ ಕಡೆ ಎಲೆಕ್ಟ್ರಿಕ್ ಗಿಟಾರ್ ಕೇಳಿ ಕೇಳಿ ನಮಗೆ ಅದು ಗೋಡೆಯ ಬಣ್ಣದಷ್ಟೇ ಮಾಮೂಲು.

ಇದನ್ನು ಓದಿ ತಿಳಿಯಲು ಹೋದರೆ ಅರ್ಧ ಮಾತ್ರ ಸಿಗುತ್ತದೆ. ಕೇಳಬೇಕು. ಹಾಗಂತ ‘ಅರವತ್ತರ ದಶಕದ ಹಿಟ್ಸ್’ ಅಂತ ಇನ್ನೂರು ಹಾಡಿನ ಪ್ಲೇಲಿಸ್ಟ್ ಹಾಕಿಕೊಂಡು ಅಡುಗೆ ಮಾಡುತ್ತಾ ಕೇಳಿದರೆ ಪ್ರಯೋಜನ ಇಲ್ಲ, ಎಲ್ಲವೂ ಒಂದೇ ಥರ ಕೇಳಿಸುತ್ತದೆ. ನಾನು ಹೇಳುವ ದಾರಿ ಬೇರೆ. ಒಂದೇ ಹಾಡನ್ನು ಎರಡು ಸಲ ಕೇಳಿ. ಮೊದಲು ಬರೀ ಒಂದು ಗಿಟಾರ್ ಇಟ್ಟುಕೊಂಡು ಹಾಡಿದ್ದು, ಅದರ ಬೆನ್ನಿಗೇ ಬ್ಯಾಂಡ್ ಕಟ್ಟಿಕೊಂಡು ಹಾಡಿದ್ದು. ಮಾತು ಗೊತ್ತು, ಧಾಟಿ ಗೊತ್ತು. ಹಾಗಾಗಿ ಎರಡನೇ ಸಲ ಕಿವಿ ಬದಲಾದದ್ದನ್ನು ಮಾತ್ರ ಹಿಡಿಯುತ್ತದೆ. ಒಂದು ವಾರಾಂತ್ಯ ಸಾಕು.

ಇನ್ನೊಂದು ಮಾತು. ನ್ಯೂಪೋರ್ಟ್ ಗಲಾಟೆಯಿಂದ ಶುರು ಮಾಡಬೇಡಿ, ಅಂದರೆ 1965ರ ನ್ಯೂಪೋರ್ಟ್ ಫೋಕ್ (ಜಾನಪದ ಧಾಟಿಯ ಹಾಡು) ಉತ್ಸವದಲ್ಲಿ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದಾಗ ಆದ ಗಲಾಟೆಯಿಂದ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ, ಅದಕ್ಕೇ ಅದು ಅರ್ಥವಾಗುವುದಿಲ್ಲ. ಇಲ್ಲಿ ಅದು ನಾಲ್ಕನೇ ಹಂತದಲ್ಲಿ ಬರುತ್ತದೆ.

ಶುರು ಮಾಡುವ ಮೊದಲು

ಫೋನಿನ ಸ್ಪೀಕರ್ ಬೇಡ. ಸಾಧಾರಣ ಇಯರ್‌ಫೋನ್ ಆದರೂ ಪರವಾಗಿಲ್ಲ, ಎರಡೂ ಕಿವಿಗೆ ಹಾಕಿಕೊಳ್ಳಿ. ಆ್ಯಪ್‌ನಲ್ಲಿ ಶಫಲ್, ಆಟೋಪ್ಲೇ ಆಫ್ ಮಾಡಿ. ಬೇಸ್ ಜಾಸ್ತಿ ಮಾಡುವ ಈಕ್ವಲೈಸರ್ ಹಾಕಿದ್ದರೆ ತೆಗೆಯಿರಿ. ಈ ಕಾಲದ ಗಿಟಾರ್‌ನ ಮಜಾ ಇರುವುದು ಮೇಲಿನ ಸ್ವರಗಳಲ್ಲಿ, ಬೇಸ್ ಏರಿಸಿದರೆ ಅದೇ ಮುಚ್ಚಿಹೋಗುತ್ತದೆ.

ಸರಿಯಾದ ಆವೃತ್ತಿ ಹುಡುಕುವುದೇ ಇಲ್ಲಿ ದೊಡ್ಡ ಕೆಲಸ. ಹಾಡಿನ ಹೆಸರು ಹಾಕಿ ಹುಡುಕಿದರೆ ಲೈವ್, ಕವರ್, ಮತ್ತೆ ಹಾಡಿದ್ದು, ಯಾರೋ ಮನೆಯಲ್ಲಿ ಕೂತು ಹಾಡಿದ್ದು ಎಲ್ಲ ಸಾಲಾಗಿ ಬರುತ್ತವೆ. ಆಲ್ಬಂ ಹೆಸರು ಹಾಕಿ ಹುಡುಕಿ. ಆ್ಯಪ್ ತೋರಿಸುವ ವರ್ಷವನ್ನು ನಂಬಬೇಡಿ, ಎಷ್ಟೋ ಸಲ ಅದು ರೀಮಾಸ್ಟರ್ ಮಾಡಿದ ವರ್ಷ ಆಗಿರುತ್ತದೆ. ಮಾನೋ, ಸ್ಟೀರಿಯೋ ಎರಡೂ ಇದ್ದರೆ ಮಾನೋ ಆರಿಸಿ. ಆಗಿನ ಸ್ಟೀರಿಯೋದಲ್ಲಿ ಎಷ್ಟೋ ಸಲ ದನಿ ಒಂದು ಕಿವಿಗೆ, ಡ್ರಮ್ ಇನ್ನೊಂದು ಕಿವಿಗೆ ಹೋಗಿ ತಲೆ ಇಬ್ಭಾಗ ಆದ ಹಾಗೆ ಇರುತ್ತದೆ.

ಹಾಡಿನ ಸಾಹಿತ್ಯ ತೆರೆದಿಟ್ಟುಕೊಳ್ಳಿ. ಅಮೆರಿಕದ ದಕ್ಷಿಣದವರ ಉಚ್ಚಾರಣೆ, ಡಿಲನ್‌ನ ಮೂಗಿನ ದನಿ, ಎರಡೂ ಒಂದೇ ಸಲಕ್ಕೆ ತಿಳಿಯುವುದು ಕಷ್ಟ.

ಹಂತ 1: ‘ಹೌಸ್ ಆಫ್ ದಿ ರೈಸಿಂಗ್ ಸನ್’, ಮೂರು ಸಲ

ಇದೊಂದನ್ನು ಮೂರು ಸಲ ಕೇಳಿ. ನ್ಯೂ ಆರ್ಲಿಯನ್ಸ್ ಊರಿನ ಒಂದು ಮನೆಗೆ ಹೋಗಿ ಹಾಳಾದವರ ಹಾಡು. ಯಾರು ಕಟ್ಟಿದ್ದೆಂದು ಯಾರಿಗೂ ಗೊತ್ತಿಲ್ಲ.

ಮೊದಲು ಕ್ಲಾರೆನ್ಸ್ ಆ್ಯಶ್ಲಿ ಮತ್ತು ಗ್ವೆನ್ ಫಾಸ್ಟರ್ 1933ರಲ್ಲಿ ಹಾಡಿದ್ದು. ‘ರೈಸಿಂಗ್ ಸನ್ ಬ್ಲೂಸ್’ ಎಂದು ಹುಡುಕಿ. ಗರಗರ ಸದ್ದು ಜಾಸ್ತಿ ಇದೆ, ಸಹಿಸಿಕೊಳ್ಳಿ. ಇದು ಹೆಚ್ಚುಕಮ್ಮಿ ಲವಲವಿಕೆಯಿಂದಲೇ ಓಡುತ್ತದೆ, ದುಃಖದ ಹಾಡು ಅಂತಲೇ ಅನ್ನಿಸುವುದಿಲ್ಲ. ಇದಾಗಿ ನಾಲ್ಕು ವರ್ಷಕ್ಕೆ, 1937ರಲ್ಲಿ, ಜಾನಪದ ಸಂಗ್ರಾಹಕ ಆ್ಯಲನ್ ಲೋಮ್ಯಾಕ್ಸ್ ಕೆಂಟಕಿಯಲ್ಲಿ ಜಾರ್ಜಿಯಾ ಟರ್ನರ್ ಎಂಬ ಹುಡುಗಿಯಿಂದ ಇದೇ ಹಾಡನ್ನು ಮುದ್ರಿಸಿಕೊಂಡರು. ಲೋಮ್ಯಾಕ್ಸ್ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಎರಡನೆಯದು ಡಿಲನ್‌ನ ಮೊದಲ ಆಲ್ಬಂ, 1962. ಆಲ್ಬಂ ಹೆಸರೂ ‘ಬಾಬ್ ಡಿಲನ್’. ಆ್ಯಶ್ಲಿ ಹಾಡಿನಲ್ಲಿ ಹಾಳಾಗುವವರು ಹುಡುಗರು. ಡಿಲನ್ ಹಾಡುವಾಗ ಹಾಳಾದವಳು ಹುಡುಗಿ, ಅವಳೇ ತನ್ನ ಕಥೆ ಹೇಳುತ್ತಾಳೆ. ಗಂಡು ದನಿಯಲ್ಲಿ ಹೆಣ್ಣಿನ ಕಥೆ. ಫೋಕ್‌ನಲ್ಲಿ ಇದು ಸಹಜ, ಹಾಡಿಗೆ ತಕ್ಕ ಹಾಗೆ ಹಾಡುಗಾರ ಪಕ್ಕಕ್ಕೆ ಸರಿಯುತ್ತಾನೆ.

ಮೂರನೆಯದು ದಿ ಆ್ಯನಿಮಲ್ಸ್, ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಹುಡುಗರು. 1964ರ ಮೇ 18ರಂದು ಲಂಡನ್‌ನಲ್ಲಿ ಒಂದೇ ಟೇಕ್‌ನಲ್ಲಿ ಮುಗಿಸಿದರು. ನಾಲ್ಕೂವರೆ ನಿಮಿಷದ ಆವೃತ್ತಿಯನ್ನೇ ಕೇಳಿ, ಅಮೆರಿಕದ ಸಿಂಗಲ್‌ಗೆ ಕತ್ತರಿಸಿದ ಮೂರು ನಿಮಿಷದ್ದು ಬೇಡ. ಮೊದಲ ಕೆಲವು ಸೆಕೆಂಡು ಕೇಳುವುದು ಬರೀ ಹಿಲ್ಟನ್ ವ್ಯಾಲೆಂಟೈನ್‌ನ ಎಲೆಕ್ಟ್ರಿಕ್ ಗಿಟಾರ್. ತಂತಿಗಳನ್ನು ಒಟ್ಟಿಗೆ ಬಾರಿಸದೆ ಒಂದೊಂದಾಗಿ ಕೆಳಗಿಂದ ಮೇಲೆ, ಮತ್ತೆ ಕೆಳಗೆ ಮೀಟುತ್ತಾನೆ. ಗಿಟಾರ್ ಕ್ಲಾಸಿಗೆ ಹೋದವರಿಗೆ ಇದು ಗೊತ್ತಿರುತ್ತದೆ, ಬೆರಳು ನೋಯಿಸಿಕೊಂಡು ಕಲಿಯುವ ಮೊದಲ ಪಾಠಗಳಲ್ಲಿ ಇದೂ ಒಂದು. ಆಮೇಲೆ ಆ್ಯಲನ್ ಪ್ರೈಸ್‌ನ ಎಲೆಕ್ಟ್ರಿಕ್ ಆರ್ಗನ್. ಎರಿಕ್ ಬರ್ಡನ್ ತಗ್ಗಿನಲ್ಲಿ ಶುರು ಮಾಡಿ ಕೊನೆಗೆ ಗಂಟಲು ಹರಿಯುವ ಹಾಗೆ ಕೂಗುತ್ತಾನೆ. ಮತ್ತೆ ಹುಡುಗಿ ಹೋಗಿ ಹುಡುಗ ಬಂದಿದ್ದಾನೆ. ಇಲ್ಲಿ ಹಾಡುಗಾರ ಪಕ್ಕಕ್ಕೆ ಸರಿದಿಲ್ಲ, ಎದುರಿಗೆ ಬಂದು ನಿಂತಿದ್ದಾನೆ. ಇದು ಬ್ರಿಟನ್, ಅಮೆರಿಕ ಎರಡೂ ಕಡೆ ನಂಬರ್ 1 ಆಯಿತು.

ಇದರ ಹಿಂದೆ ಒಂದು ತಮಾಷೆ ಇದೆ. ಡಿಲನ್ ಹಾಡಿದ ರೀತಿ ನ್ಯೂಯಾರ್ಕ್‌ನ ಡೇವ್ ವ್ಯಾನ್ ರಾಂಕ್ ಎಂಬ ಹಿರಿಯ ಗಾಯಕನದ್ದು, ಅವರ ಅನುಮತಿ ಕೇಳದೆಯೇ ಎತ್ತಿಕೊಂಡಿದ್ದು. ಡಿಲನ್‌ನ ಆಲ್ಬಂ ಬಂದ ಮೇಲೆ ವ್ಯಾನ್ ರಾಂಕ್ ಹಾಡಿದರೆ ಜನ ‘ಇದು ಡಿಲನ್ ಹಾಡಲ್ವಾ’ ಎನ್ನತೊಡಗಿದರು, ಅವರು ಅದನ್ನು ಹಾಡುವುದನ್ನೇ ಬಿಟ್ಟರು. ಆ್ಯನಿಮಲ್ಸ್ ಬಂದ ಮೇಲೆ ಡಿಲನ್‌ಗೂ ಅದೇ ಗತಿ, ಅವನೂ ಬಿಟ್ಟ. ಹಾಡು ಯಾರದ್ದು ಎಂಬ ತಕರಾರು ಆ್ಯನಿಮಲ್ಸ್ ಒಳಗೂ ಬಿಡಲಿಲ್ಲ: ರೆಕಾರ್ಡಿನ ಮೇಲೆ ಅಳವಡಿಸಿದವರ ಜಾಗದಲ್ಲಿ ಬಂದದ್ದು ಆ್ಯಲನ್ ಪ್ರೈಸ್ ಒಬ್ಬನ ಹೆಸರು.

ಹಂತ 2: ‘ಮಿಸ್ಟರ್ ಟ್ಯಾಂಬೊರೀನ್ ಮ್ಯಾನ್’

ಡಿಲನ್‌ನದು 1965ರ ಮಾರ್ಚ್‌ನಲ್ಲಿ ಬಂದ ‘ಬ್ರಿಂಗಿಂಗ್ ಇಟ್ ಆಲ್ ಬ್ಯಾಕ್ ಹೋಮ್’ ಆಲ್ಬಂನಲ್ಲಿದೆ. ಆ ಎಲ್‌ಪಿಯ ಒಂದು ಬದಿ ಬ್ಯಾಂಡ್ ಜೊತೆ, ಇನ್ನೊಂದು ಬದಿ ಬಹುತೇಕ ಒಬ್ಬನೇ. ಅಂದರೆ ನ್ಯೂಪೋರ್ಟ್‌ಗೆ ನಾಲ್ಕು ತಿಂಗಳ ಮೊದಲೇ ಡಿಲನ್ ಎಲೆಕ್ಟ್ರಿಕ್ ಆಗಿದ್ದ, ಅಂಗಡಿಯಲ್ಲಿ ಸಿಗುತ್ತಿತ್ತು. ಈ ಹಾಡು ಇರುವುದು ಎರಡನೇ ಬದಿಯಲ್ಲಿ. ಐದೂವರೆ ನಿಮಿಷ, ನಾಲ್ಕು ಚರಣ, ಮಧ್ಯೆ ಮೌತ್ ಆರ್ಗನ್.

ಈಗ ಇಯರ್‌ಫೋನಿನ ಉಪಯೋಗ. ಡಿಲನ್‌ನ ಗಿಟಾರ್ ಹಿಂದೆ ಮೆಲ್ಲಗೆ ಇನ್ನೊಂದು ಗಿಟಾರ್ ಇದೆ, ಅವನ ಸಾಲು ಮುಗಿದ ಕಡೆ ಎರಡು ಸ್ವರ ಸೇರಿಸಿ ಉತ್ತರ ಕೊಡುತ್ತದೆ. ಅದು ಬ್ರೂಸ್ ಲ್ಯಾಂಗ್‌ಹಾರ್ನ್. ಅದು ಎಲೆಕ್ಟ್ರಿಕ್ ಗಿಟಾರ್! ‘ಶುದ್ಧ’ ಬದಿಯಲ್ಲೂ ಕರೆಂಟ್ ಹರಿಯುತ್ತಿತ್ತು, ಯಾರೂ ಗಲಾಟೆ ಮಾಡಲಿಲ್ಲ. ದೊಡ್ಡ ಟರ್ಕಿ ಡೋಲು ಹಿಡಿದು ಓಡಾಡುತ್ತಿದ್ದ ಈ ಲ್ಯಾಂಗ್‌ಹಾರ್ನ್‌ನನ್ನು ನೋಡಿಯೇ ಹಾಡು ಹೊಳೆಯಿತೆಂದು ಡಿಲನ್ ಆಮೇಲೆ ಹೇಳಿದ್ದಾನೆ.

ತಕ್ಷಣ ದಿ ಬರ್ಡ್ಸ್ ಎಂಬ ಬ್ಯಾಂಡ್ ಹಾಡಿದ್ದನ್ನು ಹಾಕಿ. ಎರಡೂವರೆ ನಿಮಿಷವೂ ಇಲ್ಲ. ನಾಲ್ಕು ಚರಣದಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡಿದ್ದಾರೆ, ಹಿಂದೆ ಮುಂದೆ ಪಲ್ಲವಿ. ತಾಳವನ್ನೇ ಬದಲಿಸಿ ನಾಲ್ಕರ ಲೆಕ್ಕಕ್ಕೆ ತಂದಿದ್ದಾರೆ, ಅದಕ್ಕೇ ಕಾಲು ತಾನಾಗಿ ಕುಣಿಯುತ್ತದೆ. ಶುರುವಿನಲ್ಲಿ ಗಲಗಲ ಎನ್ನುವುದು ಬ್ಯಾಂಡಿನ ಗಿಟಾರ್ ವಾದಕ ಮೆಗ್ವಿನ್‌ನ ಹನ್ನೆರಡು ತಂತಿಯ ರಿಕನ್‌ಬ್ಯಾಕರ್ ಗಿಟಾರ್. ಬೀಟಲ್ಸ್ ಸಿನಿಮಾದಲ್ಲಿ ಜಾರ್ಜ್ ಹ್ಯಾರಿಸನ್ ಕೈಯಲ್ಲಿ ನೋಡಿ ಕೊಂಡಿದ್ದು ಅದು. ಆ ದಿನದ ರೆಕಾರ್ಡಿಂಗ್‌ನಲ್ಲಿ ಬ್ಯಾಂಡಿನಿಂದ ವಾದ್ಯ ನುಡಿಸಿದವನು ಮೆಗ್ವಿನ್ ಒಬ್ಬನೇ. ಉಳಿದವರೆಲ್ಲ ಬಾಡಿಗೆ ವಾದ್ಯಗಾರರು.

1965ರ ಜೂನ್ ಕೊನೆಗೆ ಇದು ಅಮೆರಿಕದಲ್ಲಿ ನಂಬರ್ 1. ಈ ತಾರೀಖು ಬರೆದಿಟ್ಟುಕೊಳ್ಳಿ. ನ್ಯೂಪೋರ್ಟ್‌ಗೆ ಬಂದವರು ಡಿಲನ್ ಹಾಡನ್ನು ಎಲೆಕ್ಟ್ರಿಕ್ ಆಗಿ ಕೇಳಿಯೇ ಇರಲಿಲ್ಲ ಅನ್ನುವ ಕಥೆ ಇಲ್ಲಿಗೇ ಮುಗಿಯಿತು.

ಹಂತ 3: ಟಾಮ್ ವಿಲ್ಸನ್‌ನ ಒಂದು ದಿನ

ನನಗೆ ಇಡೀ ಕಥೆಯಲ್ಲಿ ಅತಿ ಇಷ್ಟವಾದ ದಿನ 1965ರ ಜೂನ್ 15. ಇದರ ಬಗ್ಗೆ ಸಿನಿಮಾ ಯಾಕೆ ಮಾಡುವುದಿಲ್ಲವೋ ಗೊತ್ತಿಲ್ಲ. ನ್ಯೂಯಾರ್ಕ್‌ನ ಕೊಲಂಬಿಯಾ ಕಂಪನಿ. ಟಾಮ್ ವಿಲ್ಸನ್ ಅಲ್ಲಿನ ನಿರ್ಮಾಪಕ, ಕರಿಯ ಜನಾಂಗದವನು. ಆಗ ದೊಡ್ಡ ಕಂಪನಿಗಳಲ್ಲಿ ಆ ಕುರ್ಚಿಯಲ್ಲಿ ಕರಿಯರು ಕೂರುವುದು ಬಹಳ ಅಪರೂಪ.

ಅವನ ಕೈಯಲ್ಲಿ ಸೋತ ಹಾಡೊಂದಿತ್ತು. ಸೈಮನ್ ಮತ್ತು ಗಾರ್‌ಫಂಕಲ್ 1964ರಲ್ಲಿ ಸಾದಾ ಗಿಟಾರ್ ಇಟ್ಟುಕೊಂಡು ಹಾಡಿದ್ದ ‘ದಿ ಸೌಂಡ್ ಆಫ್ ಸೈಲೆನ್ಸ್’. ಆಲ್ಬಂ ಮಾರಾಟವಾಗಲಿಲ್ಲ, ಜೋಡಿ ಬೇರೆಯಾಯಿತು, ಪಾಲ್ ಸೈಮನ್ ಇಂಗ್ಲೆಂಡಿಗೆ ಹೋದ. ಆ ದಿನ ವಿಲ್ಸನ್ ಇಬ್ಬರಿಗೂ ಹೇಳದೆ ಕೇಳದೆ ಹಳೇ ಟೇಪಿನ ಮೇಲೆ ಎಲೆಕ್ಟ್ರಿಕ್ ಗಿಟಾರ್, ಬೇಸ್, ಡ್ರಮ್ ಹಾಕಿಸಿದ.

ಮೊದಲು ‘ವೆಡ್ನೆಸ್‌ಡೇ ಮಾರ್ನಿಂಗ್, 3 ಎ.ಎಂ.’ ಆಲ್ಬಂನಲ್ಲಿ ಮೂಲ ಕೇಳಿ. ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕಿ ನೋಡಿ. ಲಯ ಒಂದೇ ಸಮ ಇಲ್ಲ, ಇಬ್ಬರೂ ಉಸಿರಿಗೆ ತಕ್ಕ ಹಾಗೆ ಹಿಗ್ಗಿಸಿ ಕುಗ್ಗಿಸಿ ಹಾಡಿದ್ದಾರೆ. ಬ್ಯಾಂಡ್ ಜೊತೆಗೆ ಹಾಡಿದ್ದು ಅಲ್ಲವಲ್ಲ! ಆಮೇಲೆ 1966ರ ಜನವರಿಯ ‘ಸೌಂಡ್ಸ್ ಆಫ್ ಸೈಲೆನ್ಸ್’ ಆಲ್ಬಂನದ್ದು ಕೇಳಿ. ದನಿ ಅದೇ, ಒಂದು ಅಕ್ಷರ ಬದಲಿಲ್ಲ. ಮೊದಲ ಸಾಲುಗಳು ಮುಗಿದು ಡ್ರಮ್ ಬೀಳುವ ಜಾಗಕ್ಕೆ ಕಿವಿ ಕೊಡಿ. ಆಮೇಲೆ ಡ್ರಮ್‌ನವನು ಹಾಡಿನ ಹಿಂದೆ ಓಡುತ್ತಾ, ಅವರು ನಿಧಾನಿಸಿದಲ್ಲಿ ತಾನೂ ನಿಧಾನಿಸುತ್ತಾ ಒದ್ದಾಡುವುದು ಕೇಳಿಸುತ್ತದೆ. 1966ರ ಹೊಸ ವರ್ಷಕ್ಕೆ ಇದು ಅಮೆರಿಕದ ನಂಬರ್ 1. ಬೇರೆಯಾಗಿದ್ದ ಜೋಡಿ ಓಡೋಡಿ ಬಂದು ಒಂದಾಯಿತು.

ಅದೇ ದಿನ ಅದೇ ಕಂಪನಿಯಲ್ಲಿ, ವಿಲ್ಸನ್‌ನ ಕೈಕೆಳಗೇ, ಡಿಲನ್ ‘ಲೈಕ್ ಎ ರೋಲಿಂಗ್ ಸ್ಟೋನ್’ ಶುರು ಮಾಡಿದ. ಮೊದಲ ದಿನದ ಪ್ರಯತ್ನ ಮೂರರ ತಾಳದಲ್ಲಿತ್ತು, ವಾಲ್ಟ್ಜ್ ಥರ. ಅದರ ಒಂದು ತುಣುಕು 1991ರ ‘ಬೂಟ್‌ಲೆಗ್ ಸೀರೀಸ್’ನ ಮೊದಲ ಸಂಪುಟಗಳಲ್ಲಿದೆ. ಕೇಳಿ, ಪಾಪ, ಕುಂಟುತ್ತಿದೆ. ಮರುದಿನ, ಜೂನ್ 16, ನಾಲ್ಕನೇ ಟೇಕ್. ಬಾಬಿ ಗ್ರೆಗ್‌ನ ಒಂದು ಡ್ರಮ್ ಏಟು, ಅದರ ಹಿಂದೆಯೇ ಎಲ್ಲರೂ ಒಟ್ಟಿಗೆ ಒಳಗೆ ನುಗ್ಗುತ್ತಾರೆ.

ಈ ಟೇಕ್‌ನಲ್ಲಿ ಆರ್ಗನ್ ಮಾತ್ರ ಕೇಳುತ್ತಾ ಒಂದು ಸಲ ಪೂರ್ತಿ ಹೋಗಿ. ನುಡಿಸಿದವನು ಆಲ್ ಕೂಪರ್, ವಯಸ್ಸು 21. ಗಿಟಾರ್ ನುಡಿಸುವ ಆಸೆಯಿಂದ ಬಂದಿದ್ದ. ಅಲ್ಲಿ ಮೈಕ್ ಬ್ಲೂಮ್‌ಫೀಲ್ಡ್ ಕೈ ಬಿಸಿ ಮಾಡಿಕೊಳ್ಳುವುದನ್ನು ಕೇಳಿ ತನ್ನ ಗಿಟಾರ್ ಎತ್ತಿ ಪೆಟ್ಟಿಗೆಗೆ ಹಾಕಿಟ್ಟ. ಆಮೇಲೆ ಸುಮ್ನೆ ಖಾಲಿ ಇದ್ದ ಆರ್ಗನ್ ಮುಂದೆ ಹೋಗಿ ಕೂತ. ಅವನಿಗೆ ಅದು ಸರಿಯಾಗಿ ಬರುತ್ತಿರಲಿಲ್ಲ. ಉಳಿದವರು ಯಾವ ಸ್ವರಕ್ಕೆ ಹೋಗುತ್ತಾರೆ ಎಂದು ನೋಡಿಕೊಂಡು, ಅರ್ಧ ಕ್ಷಣ ತಡವಾಗಿ ತಾನೂ ಒತ್ತುತ್ತಿದ್ದ. ಆ ತಡವೇ ಹಾಡಿನ ಗುರುತಾಗಿಹೋಯಿತು. ಟೇಪ್ ಕೇಳುವಾಗ ಡಿಲನ್ ಆರ್ಗನ್ ಜೋರು ಮಾಡಿ ಅಂದ. ಅವನು ಆರ್ಗನ್ ವಾದಕನೇ ಅಲ್ಲ ಎಂದು ವಿಲ್ಸನ್ ಹೇಳಿದ್ದಕ್ಕೂ ಕ್ಯಾರೇ ಅನ್ನಲಿಲ್ಲ.

ಹಾಡು ಆರು ನಿಮಿಷ ದಾಟುತ್ತದೆ. ಆಗ ರೇಡಿಯೋದವರಿಗೆ ಮೂರು ನಿಮಿಷದ ಹಾಡು ಅಭ್ಯಾಸ. ಅದಕ್ಕೇ ಅವರಿಗೆ ಕಳಿಸಿದ ರೆಕಾರ್ಡಿನಲ್ಲಿ ಹಾಡನ್ನು ಕಡಿದು ಎರಡು ಬದಿಗೆ ಹಾಕಿದ್ದರು. ಬಿಡುಗಡೆ ಜುಲೈ 20ಕ್ಕೆ.

ಹಂತ 4: ಈಗ ನ್ಯೂಪೋರ್ಟ್

ಇದನ್ನು ಕೇಳಬೇಡಿ, ನೋಡಿ. ಮರ್ರೇ ಲರ್ನರ್ ಎಂಬ ನಿರ್ದೇಶಕ ಆ ವರ್ಷಗಳಲ್ಲಿ ನ್ಯೂಪೋರ್ಟ್ ಫೋಕ್ ಉತ್ಸವವನ್ನು ಚಿತ್ರೀಕರಿಸಿದ. ಅದರಲ್ಲಿ ಡಿಲನ್ ಭಾಗಗಳು 2007ರ ‘ದಿ ಅದರ್ ಸೈಡ್ ಆಫ್ ದಿ ಮಿರರ್’ ಸಾಕ್ಷ್ಯಚಿತ್ರದಲ್ಲಿವೆ. 1963, 1964, 1965 ಇದೇ ಕ್ರಮದಲ್ಲಿ ನೋಡಿ, ನೇರ ಗಲಾಟೆಗೆ ಹಾರಬೇಡಿ. 1963ರಲ್ಲಿ ಕೂಲಿಯವರ ಥರದ ಅಂಗಿ ತೊಟ್ಟ ಹುಡುಗ, ಕೊನೆಗೆ ಜೋನ್ ಬಾಯೆಜ್, ಪೀಟ್ ಸೀಗರ್ ಥರದ ಫೋಕ್ ಗಾಯಕರೆಲ್ಲರ ಜೊತೆ ನಿಂತು ಹಾಡುತ್ತಾನೆ. ಎಲ್ಲರೂ ಸೇರಿ ಹಾಡುವುದೇ ಆ ಉತ್ಸವದ ಜೀವ. ನಾಗರಿಕ ಹಕ್ಕುಗಳ ಹೋರಾಟ ಕಾವೇರಿದ್ದ ಕಾಲ ಅದು. ಮುಂದಿನ ತಿಂಗಳೇ ವಾಷಿಂಗ್ಟನ್ ಮೆರವಣಿಗೆಯಲ್ಲಿ ಡಿಲನ್, ಬಾಯೆಜ್ ಇಬ್ಬರೂ ಹಾಡಿದರು. ಆ ಜನಕ್ಕೆ ಮಾತು ಮುಖ್ಯ, ಮಾತು ಕೇಳಿಸಬೇಕು. ಇದು ಗೊತ್ತಿದ್ದರೆ 1965 ಅರ್ಧ ಅರ್ಥವಾದ ಹಾಗೆ.

1965ರ ಜುಲೈ 25, ಭಾನುವಾರ ರಾತ್ರಿ. ಚರ್ಮದ ಜಾಕೆಟ್, ಫೆಂಡರ್ ಸ್ಟ್ರಾಟೊಕಾಸ್ಟರ್ ಗಿಟಾರ್. ಹಿಂದೆ ಪಾಲ್ ಬಟರ್‌ಫೀಲ್ಡ್ ಬ್ಲೂಸ್ ಬ್ಯಾಂಡಿನಿಂದ ಮೂವರು, ಜೊತೆಗೆ ಆಲ್ ಕೂಪರ್, ಬ್ಯಾರಿ ಗೋಲ್ಡ್‌ಬರ್ಗ್. ಅಭ್ಯಾಸ ಮಾಡಿದ್ದು ಹಿಂದಿನ ರಾತ್ರಿ ಮಾತ್ರ. ‘ಮ್ಯಾಗೀಸ್ ಫಾರ್ಮ್’ ಶುರುವಾದ ತಕ್ಷಣ ಬ್ಲೂಮ್‌ಫೀಲ್ಡ್‌ನ ಗಿಟಾರ್ ದನಿಯ ಮೇಲೇ ಹತ್ತಿ ಕೂರುತ್ತದೆ, ತಾಳ ಅಲ್ಲಲ್ಲಿ ಎಡವುತ್ತದೆ. ಮೂರು ಹಾಡು, ಮುಗೀತು, ಹೊರಟೇಬಿಟ್ಟರು.

ಈಗ ಕಿವಿ ಜನರ ಕಡೆ ಇರಲಿ. ಬೂ ಎನ್ನುವವರಿದ್ದಾರೆ, ಚಪ್ಪಾಳೆಯವರೂ ಇದ್ದಾರೆ, ಬರೀ ಕೂಗುವವರೂ ಇದ್ದಾರೆ. ಕೆಲವರಿಗೆ ಎಲೆಕ್ಟ್ರಿಕ್ ಗಿಟಾರ್ ಮೇಲೇ ಕೋಪ. ಕೆಲವರಿಗೆ ಸೌಂಡ್ ಕೆಟ್ಟು ಮಾತು ಕೇಳಿಸದ್ದಕ್ಕೆ ಕೋಪ. ಇನ್ನು ಕೆಲವರಿಗೆ, ಡಿಲನ್‌ಗೋಸ್ಕರ ಅಷ್ಟು ದೂರ ಬಂದರೆ ಮೂರೇ ಹಾಡಿಗೆ ಇಳಿದುಹೋದನಲ್ಲ ಎಂಬ ಕೋಪ. ಯಾರು ಎಷ್ಟು ಜನ ಎಂದು ಅಲ್ಲೇ ಇದ್ದವರೂ ಇವತ್ತಿಗೂ ಒಪ್ಪುವುದಿಲ್ಲ. ನನ್ನ ಮಟ್ಟಿಗೆ ಮೂರನೇ ಕಾರಣ ಎಲ್ಲರೂ ಅಂದುಕೊಂಡಷ್ಟು ಚಿಕ್ಕದಲ್ಲ.

ಪೀಟ್ ಸೀಗರ್ ಕೊಡಲಿ ತಗೊಂಡು ಕೇಬಲ್ ಕಡಿಯಲು ಹೋದರು ಎಂಬ ಕಥೆಯನ್ನು ಹಾಗೇ ನುಂಗಬೇಡಿ. ಕೊಡಲಿ ಇದ್ದಿದ್ದರೆ ಈಗಲೇ ಕೇಬಲ್ ಕಡಿಯುತ್ತಿದ್ದೆ ಎಂಬರ್ಥದಲ್ಲಿ ಹೇಳಿದ್ದೆ, ಸೌಂಡ್ ಒಡೆದು ಮಾತೇ ಕೇಳುತ್ತಿರಲಿಲ್ಲ, ಎಂದು ಅವರೇ ಆಮೇಲೆ ವಿವರಿಸಿದ್ದಾರೆ. ನ್ಯೂಪೋರ್ಟ್ ವೇದಿಕೆಗೆ ಮೊದಲ ಎಲೆಕ್ಟ್ರಿಕ್ ಗಿಟಾರ್ ತಂದವನು ಡಿಲನ್ ಅನ್ನುವುದೂ ಸುಳ್ಳು. ಹಿಂದಿನ ವರ್ಷವೇ ಜಾನಿ ಕ್ಯಾಶ್ ತನ್ನ ಎಲೆಕ್ಟ್ರಿಕ್ ಗಿಟಾರ್‌ನವನ ಜೊತೆ ಹಾಡಿ ಹೋಗಿದ್ದ. ಬಟರ್‌ಫೀಲ್ಡ್ ಬ್ಯಾಂಡ್ ಅದೇ ಉತ್ಸವದಲ್ಲಿ ತಮ್ಮದೇ ಕಾರ್ಯಕ್ರಮ ಕೊಟ್ಟಿತ್ತು. ನಿಜವಾದ ಹೊಡೆದಾಟ ನಡೆದದ್ದೂ ಆಗಲೇ. ಮೊದಲ ಹಂತದ ಆ್ಯಲನ್ ಲೋಮ್ಯಾಕ್ಸ್ ಆ ಬ್ಯಾಂಡನ್ನು ಹಗುರವಾಗಿ ಪರಿಚಯಿಸಿದರು ಎಂದು ಡಿಲನ್‌ನ ಮ್ಯಾನೇಜರ್ ಆಲ್ಬರ್ಟ್ ಗ್ರಾಸ್‌ಮನ್ ಜಗಳಕ್ಕೆ ನಿಂತ, ಇಬ್ಬರೂ ದಢೂತಿ ಆಸಾಮಿಗಳು, ಮಣ್ಣಿನಲ್ಲಿ ಬಿದ್ದು ಹೊರಳಾಡಿದರು.

ವಿಡಿಯೋ ಅಲ್ಲಿಗೇ ನಿಲ್ಲಿಸಬೇಡಿ. ನಿರೂಪಕ ಪೀಟರ್ ಯಾರೊ (Yarrow) ಬೇಡಿಕೊಂಡ ಮೇಲೆ ಡಿಲನ್ ಒಬ್ಬನೇ ಸಾದಾ ಗಿಟಾರ್ ಹಿಡಿದು ಮತ್ತೆ ಬರುತ್ತಾನೆ. ಯಾರ ಹತ್ತಿರವಾದರೂ ಇ ಶ್ರುತಿಯ ಮೌತ್ ಆರ್ಗನ್ ಇದೆಯಾ ಎಂದು ಜನರನ್ನೇ ಕೇಳುತ್ತಾನೆ. ವೇದಿಕೆ ಮೇಲೆ ಟಪಟಪ ಬೀಳುತ್ತವೆ, ಆ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಈಗಷ್ಟೇ ಬೂ ಎಂದ ಜನ ತಾನೇ!

ಹಂತ 5: ಮ್ಯಾಂಚೆಸ್ಟರ್, 1966ರ ಮೇ 17

ಸಿನಿಮಾ ನೋಡಿದವರು ಗಮನಿಸಿ, ‘ಜೂಡಸ್!’ ಎಂಬ ಕೂಗು ನ್ಯೂಪೋರ್ಟ್‌ನದ್ದಲ್ಲ. ಅದು ಹತ್ತು ತಿಂಗಳ ನಂತರ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಫ್ರೀ ಟ್ರೇಡ್ ಹಾಲ್‌ನಲ್ಲಿ ಕೇಳಿಬಂದದ್ದು. ಏಸುವನ್ನು ಹಿಡಿದುಕೊಟ್ಟ ಶಿಷ್ಯನ ಹೆಸರು, ಅಂದರೆ ದ್ರೋಹಿ ಎಂದು ಬೈದ ಹಾಗೆ.

ಹುಡುಕುವಾಗ ಒಂದು ತೊಡಕಿದೆ. ಈ ಟೇಪು ವರ್ಷಗಟ್ಟಲೆ ಕದ್ದುಮುಚ್ಚಿ ಮಾರಾಟವಾಯಿತು, ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನದ್ದು ಎಂಬ ತಪ್ಪು ಹೆಸರಿನಲ್ಲಿ. 1998ರಲ್ಲಿ ಕಂಪನಿಯೇ ಬಿಡುಗಡೆ ಮಾಡಿದಾಗಲೂ ಆ ತಪ್ಪು ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಉಳಿಸಿಕೊಂಡರು. ‘ಬೂಟ್‌ಲೆಗ್ ಸೀರೀಸ್ ಸಂಪುಟ 4’ ಎಂದು ಹುಡುಕಿ, ಅದೇ.

ಎರಡು ಡಿಸ್ಕ್ ಇವೆ. ಮೊದಲರ್ಧ ಡಿಲನ್ ಒಬ್ಬನೇ. ಪೂರ್ತಿ ಕೇಳಲು ಪುರುಸೊತ್ತಿಲ್ಲದಿದ್ದರೆ ಒಂದೆರಡು ಹಾಡಾದರೂ ಕೇಳಿ, ಜನ ಎಷ್ಟು ನಿಶ್ಶಬ್ದವಾಗಿದ್ದಾರೆ ಎಂದು ತಿಳಿಯಲು. ಎರಡನೆಯದನ್ನು ಮಾತ್ರ ಬಿಟ್ಟೂಬಿಡದೆ ಕೇಳಿ. ಜೊತೆಗಿರುವ ಬ್ಯಾಂಡ್ ದಿ ಹಾಕ್ಸ್, ಮುಂದೆ ‘ದಿ ಬ್ಯಾಂಡ್’ ಎಂದೇ ಹೆಸರಾದವರು. ಊರೂರಲ್ಲಿ ಬೈಸಿಕೊಂಡು ಬೈಸಿಕೊಂಡು ಗಟ್ಟಿಯಾಗಿದ್ದಾರೆ. ನ್ಯೂಪೋರ್ಟ್‌ನ ತಡವರಿಕೆ ಇಲ್ಲಿಲ್ಲ. ಹಾಡುಗಳ ನಡುವೆ ಜನ ಬೇಕೆಂದೇ ಒಂದೇ ತಾಳಕ್ಕೆ ನಿಧಾನ ಚಪ್ಪಾಳೆ ತಟ್ಟಿ ಕೆಣಕುತ್ತಾರೆ. ಆಗ ಡಿಲನ್ ಏನು ಮಾಡುತ್ತಾನೆ ಕೇಳಿ: ಮೈಕಿನ ಹತ್ತಿರ ಬಾಯಿಟ್ಟು ಅರ್ಥವಿಲ್ಲದ ಏನೋ ಗೊಣಗುತ್ತಾನೆ. ಏನು ಹೇಳುತ್ತಿದ್ದಾನೆ ಎಂದು ಜನ ಒಬ್ಬೊಬ್ಬರೇ ಸುಮ್ಮನಾಗುತ್ತಾರೆ. ಪೂರ್ತಿ ಸದ್ದಡಗಿದಾಗ, ನೀವು ಅಷ್ಟು ಜೋರಾಗಿ ಚಪ್ಪಾಳೆ ತಟ್ಟದಿದ್ದರೆ ಚೆನ್ನಾಗಿತ್ತು ಎಂದು ಕೊನೆಯ ಮಾತು ಬಿಡುತ್ತಾನೆ. ಬೈಯಲು ಬಂದವರೇ ನಕ್ಕುಬಿಡುತ್ತಾರೆ. ಮೇಷ್ಟ್ರುಗಳು ಕಲಿಯಬೇಕಾದ ವಿದ್ಯೆ.

ಕೊನೆಯ ಹಾಡಿಗೆ ಮೊದಲು ಆ ಕೂಗು. ನಿನ್ನನ್ನು ನಂಬುವುದಿಲ್ಲ, ನೀನು ಸುಳ್ಳುಗಾರ ಎಂದು ಡಿಲನ್ ಉತ್ತರ. ಬ್ಯಾಂಡಿಗೆ ಜೋರಾಗಿ ಬಾರಿಸಿ ಎಂಬ ಮಾತು, ನಡುವೆ ಒಂದು ಬೈಗುಳ. ‘ಲೈಕ್ ಎ ರೋಲಿಂಗ್ ಸ್ಟೋನ್’ ಶುರು. ಇದು ಮುಗಿದ ಕೂಡಲೇ ಹಂತ 3ರ ಸ್ಟುಡಿಯೋ ಆವೃತ್ತಿಗೆ ಒಮ್ಮೆ ಹಿಂದೆ ಹೋಗಿ ಬನ್ನಿ. ಸ್ಟುಡಿಯೋದ್ದು ಸಭ್ಯವಾಗಿ ಕೇಳುತ್ತದೆ.

ಹಂತ 6: ‘ಮ್ಯಾಟಿ ಗ್ರೋವ್ಸ್’

ಇಂಗ್ಲೆಂಡಿನವರು ಅಮೆರಿಕದ ಹಾಡು ಬಿಟ್ಟು ತಮ್ಮ ಹಿತ್ತಲಿನ ಹಾಡು ಹುಡುಕಿದ್ದು ಸ್ವಲ್ಪ ತಡವಾಗಿ. ಇದು ಬ್ರಿಟನ್ನಿನ ಕಥನಗೀತೆ, ಕನಿಷ್ಠ 17ನೇ ಶತಮಾನದ್ದು. ದೊರೆಯ ಹೆಂಡತಿ ಬಡ ಹುಡುಗನನ್ನು ಮನೆಗೆ ಕರೆಯುತ್ತಾಳೆ, ಆಳು ಓಡಿಹೋಗಿ ಚಾಡಿ ಹೇಳುತ್ತಾನೆ, ದೊರೆ ಬರುತ್ತಾನೆ, ಎರಡು ಹೆಣ ಬೀಳುತ್ತವೆ.

‘ಜೋನ್ ಬಾಯೆಜ್ ಇನ್ ಕಾನ್ಸರ್ಟ್’ ಆಲ್ಬಂನಲ್ಲಿ, 1962, ಬಾಯೆಜ್ ಒಬ್ಬಳೇ ಹಾಡುವುದನ್ನು ಕೇಳಿ. ಆಮೇಲೆ ಫೇರ್‌ಪೋರ್ಟ್ ಕನ್ವೆನ್ಷನ್‌ನ ‘ಲೀಜ್ ಆ್ಯಂಡ್ ಲೀಫ್’, 1969ರ ಡಿಸೆಂಬರ್. ಈ ಆಲ್ಬಂ ಬಂದದ್ದು ಸಾವಿನ ಬೆನ್ನಿಗೆ. ಅದೇ ವರ್ಷ ಮೇ 12ರಂದು ಕಾರ್ಯಕ್ರಮ ಮುಗಿಸಿ ಬರುವಾಗ ಎಂ1 ಹೆದ್ದಾರಿಯಲ್ಲಿ ಇವರ ವ್ಯಾನ್ ಉರುಳಿತು. ಡ್ರಮ್ಮರ್ ಮಾರ್ಟಿನ್ ಲ್ಯಾಂಬಲ್ ಸತ್ತ, ವಯಸ್ಸು 19. ಗಿಟಾರ್ ವಾದಕ ರಿಚರ್ಡ್ ಥಾಂಪ್ಸನ್‌ನ ಗೆಳತಿ ಜೀನಿ ಫ್ರ್ಯಾಂಕ್ಲಿನ್ ಕೂಡ. ಬ್ಯಾಂಡ್ ಮುಚ್ಚುವ ಮಾತಾಯಿತು. ಮುಚ್ಚಲಿಲ್ಲ. ಹ್ಯಾಂಪ್‌ಶೈರ್‌ನ ಹಳ್ಳಿಯ ಒಂದು ದೊಡ್ಡ ಮನೆ ಬಾಡಿಗೆಗೆ ಹಿಡಿದು, ಲಂಡನ್‌ನ ಜಾನಪದ ಸಂಗ್ರಹದಿಂದ ಹಳೇ ಹಾಡು ತಂದು, ಹಳೇ ಪಟ್ಟಿಯನ್ನೆಲ್ಲ ಬದಿಗಿಟ್ಟು ಹೊಸದಾಗಿ ಶುರು ಮಾಡಿದರು.

ಸ್ಯಾಂಡಿ ಡೆನ್ನಿ ಕೊಲೆಯ ಕಥೆಯನ್ನು ದನಿ ಏರಿಸದೆ ಹೇಳುತ್ತಾಳೆ. ಕಥೆ ಮುಗಿದ ಮೇಲೆ ಹಾಡು ಮುಗಿಯುವುದಿಲ್ಲ, ಡೇವ್ ಸ್ವಾರ್‌ಬ್ರಿಕ್‌ನ ಪಿಟೀಲು ಮತ್ತು ರಿಚರ್ಡ್ ಥಾಂಪ್ಸನ್‌ನ ಗಿಟಾರ್ ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ. ಬಾಯೆಜ್ ಹಾಡಿನಲ್ಲಿ ಆ ಜಾಗ ಇಲ್ಲವೇ ಇಲ್ಲ. ಇದರ ನಿರ್ಮಾಪಕ ಜೋ ಬಾಯ್ಡ್. ನಾಲ್ಕು ವರ್ಷದ ಹಿಂದೆ ನ್ಯೂಪೋರ್ಟ್ ವೇದಿಕೆಯ ಉಸ್ತುವಾರಿ ನೋಡಿಕೊಂಡಿದ್ದವನೂ ಇವನೇ.

ಹಂತ 7: ಹಿಮ್ಮುಖವಾಗಿ ಒಂದು ಜೋಡಿ

ಲೆಡ್‌ಬೆಲ್ಲಿ 1940ರ ದಶಕದಲ್ಲಿ ಮುದ್ರಿಸಿದ ‘ವೇರ್ ಡಿಡ್ ಯೂ ಸ್ಲೀಪ್ ಲಾಸ್ಟ್ ನೈಟ್’ ಕೇಳಿ. ಆಮೇಲೆ ನಿರ್ವಾಣ, 1993ರ ನವೆಂಬರ್ 18ರಂದು ಎಂಟಿವಿ ಅನ್‌ಪ್ಲಗ್ಡ್‌ಗೆ ಹಾಡಿದ ಕೊನೆಯ ಹಾಡು. ಜಗತ್ತಿನ ಅತಿ ಗದ್ದಲದ ಬ್ಯಾಂಡ್‌ಗಳಲ್ಲಿ ಒಂದು ಗದ್ದಲ ಬದಿಗಿಟ್ಟು ಫೋಕ್ ಕಡೆ ಬಂದದ್ದು ಇದು. ಲೆಡ್‌ಬೆಲ್ಲಿಯದು ನೆಟ್ಟಗೆ ನಡೆಯುತ್ತದೆ, ಯಾರನ್ನೋ ನಿಲ್ಲಿಸಿ ವಿಚಾರಿಸುವ ಹಾಗೆ. ಕರ್ಟ್ ಕೊಬೇನ್ ಕೊನೆಯ ಚರಣಕ್ಕೆ ಬಂದಾಗ ದನಿಯನ್ನು ಒಂದು ಸ್ಥಾಯಿ ಮೇಲಕ್ಕೆ ಎತ್ತುತ್ತಾನೆ. ಕಟ್ಟಕಡೆಯ ಸಾಲಿನಲ್ಲಿ ಎಲ್ಲ ನಿಂತು ಒಂದು ಉಸಿರು ಕೇಳಿಸುತ್ತದೆ, ಆಮೇಲೆ ಉಳಿದ ಪದಗಳು. ಟಿವಿಯವರು ಇನ್ನೊಂದು ಹಾಡು ಕೇಳಿದರಂತೆ, ಅವನು ಒಪ್ಪಲಿಲ್ಲ.

ಹಂತ 8: ನಿಮ್ಮದೇ ಜೋಡಿ ಮಾಡಿ

ಯಾವುದೇ ರಾಕ್ ಆಲ್ಬಂನ ಕ್ರೆಡಿಟ್ ತೆಗೆದು ನೋಡಿ. ಬರೆದವರ ಜಾಗದಲ್ಲಿ ‘ಟ್ರೆಡಿಷನಲ್’ ಎಂದಿದ್ದರೆ ಹಿಂದೆ ಒಂದು ಹಳೇ ಹಾಡಿದೆ, ಅಗೆಯಿರಿ. ಆ ಕ್ರೆಡಿಟ್ ಎಲ್ಲ ಸಲ ಪ್ರಾಮಾಣಿಕವಾಗಿರುವುದಿಲ್ಲ ಎಂಬುದೂ ಗೊತ್ತಿರಲಿ. ಲೆಡ್ ಜೆಪೆಲಿನ್‌ನ ಮೊದಲ ಆಲ್ಬಂನ ‘ಬೇಬ್, ಐಯಾಮ್ ಗೊನ್ನಾ ಲೀವ್ ಯೂ’ಗೆ ಹಾಗೇ ಹಾಕಿದ್ದರು, ಅವರು ಅದನ್ನು ಕೇಳಿದ್ದು ಬಾಯೆಜ್‌ಳ ಅದೇ ‘ಇನ್ ಕಾನ್ಸರ್ಟ್’ ಆಲ್ಬಂನಲ್ಲಿ. ಬರೆದ ಆ್ಯನ್ ಬ್ರೆಡನ್ ಎಂಬಾಕೆಗೆ ಹೆಸರು, ಹಣ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ. ಮಾರ್ಟಿನ್ ಕಾರ್ಥಿ 1965ರಲ್ಲಿ ಹಾಡಿದ ‘ಸ್ಕಾರ್‌ಬರೋ ಫೇರ್’ ಮತ್ತು ಮರುವರ್ಷ ಸೈಮನ್, ಗಾರ್‌ಫಂಕಲ್ ಹಾಡಿದ್ದು ಇನ್ನೊಂದು ಜೋಡಿ. ಪಾಲ್ ಸೈಮನ್ ಕಲಿತದ್ದು ಕಾರ್ಥಿಯಿಂದ, ಆದರೆ ರೆಕಾರ್ಡಿನಲ್ಲಿ ಅವರ ಹೆಸರಿಲ್ಲ. 2000ದಲ್ಲಿ ಇಬ್ಬರೂ ಲಂಡನ್‌ನಲ್ಲಿ ಒಟ್ಟಿಗೆ ಹಾಡಿ ರಾಜಿಯಾದರು.

ಕನ್ನಡದಲ್ಲೂ ಮಾಡಬಹುದು. ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಪದವನ್ನು ಉತ್ತರ ಕರ್ನಾಟಕದ ಯಾವುದಾದರೂ ಭಜನಾ ಮೇಳದವರು ಹಾಡಿದ ವಿಡಿಯೋ ಹುಡುಕಿ, ಆಮೇಲೆ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ಹಾಡಿದ್ದನ್ನು ಕೇಳಿ. ಮೇಳದಲ್ಲಿ ಒಬ್ಬರು ಹೇಳಿ ಉಳಿದವರು ಎತ್ತಿಕೊಳ್ಳುತ್ತಾರೆ. ಬ್ಯಾಂಡ್‌ನಲ್ಲಿ ಆ ಎತ್ತಿಕೊಳ್ಳುವ ಕೆಲಸ ಯಾವ ವಾದ್ಯಕ್ಕೆ ಹೋಗಿದೆ ನೋಡಿ.

ಇಷ್ಟಾದ ಮೇಲೂ ಹುಮ್ಮಸ್ಸು ಉಳಿದಿದ್ದರೆ ಐರ್ಲೆಂಡಿನ ‘ವಿಸ್ಕಿ ಇನ್ ದಿ ಜಾರ್’. ಮೊದಲು ದಿ ಡಬ್ಲಿನರ್ಸ್, ಆಮೇಲೆ 1972ರ ಥಿನ್ ಲಿಝಿ, ಕೊನೆಗೆ 1998ರ ಮೆಟಾಲಿಕಾ. ಮೂರನೆಯದಕ್ಕೆ ಮುಂಚೆ ವಾಲ್ಯೂಮ್ ಎರಡು ಗೆರೆ ಇಳಿಸಿಕೊಳ್ಳಿ, ಡಬ್ಲಿನರ್ಸ್‌ಗೆ ಏರಿಸಿದ್ದು ಹಾಗೇ ಇರುತ್ತದೆ.